ಮಕ್ಕಳ ಕೈಗೆ ಟ್ಯಾಬ್ ಬಂತು. ಬೀಗದಕೈ ಯಾರ ಸೆರಗಿನಲ್ಲಿ?

ಶಾಲೆ ತೆರೆಯುವ ದಿನ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಒಂದು ಪಟ್ಟಿ ತಯಾರಾಗುತ್ತದೆ. ಪುಸ್ತಕ, ನೋಟ್‌ಬುಕ್ಕು, ಯೂನಿಫಾರಂ, ಬೂಟು, ಜಾಮಿಟ್ರಿ ಬಾಕ್ಸು, ಮಳೆಗಾಲಕ್ಕೊಂದು ಕೊಡೆ. ಈಚೆಗೆ ಕೆಲವು ಹೈಸ್ಕೂಲುಗಳ ಪಟ್ಟಿಯಲ್ಲಿ ಇನ್ನೊಂದು ಸಾಮಾನು ಬಂದು ಸೇರಿಕೊಂಡಿದೆ. ಅದೇ ಟ್ಯಾಬ್! ನಾವು ಅಂಗಡಿಗೆ ಹೋಗಿ ನಮಗೆ ಬೇಕಾದ್ದನ್ನು ಆರಿಸಿ ತರುವ ಟ್ಯಾಬ್ ಅಲ್ಲ ಇದು. ಶಾಲೆಯವರೇ ಗೊತ್ತುಮಾಡಿ, ಶಾಲೆಯವರೇ ಪಾಠ ತುಂಬಿಸಿ, ಶಾಲೆಯವರೇ ನಿಗಾ ಇಡುವಂಥದ್ದು. ಒಬ್ಬರಿಗುಂಟು ಒಬ್ಬರಿಗಿಲ್ಲ ಅನ್ನುವ ಹಾಗಿಲ್ಲ, ತರಗತಿಯ ಪ್ರತಿಯೊಂದು ಮಗುವಿಗೂ ಒಂದೊಂದು.

ಈ ಸುದ್ದಿ ಕಿವಿಗೆ ಬಿದ್ದ ಕೂಡಲೇ ತಾಯಂದಿರಲ್ಲಿ ಎರಡು ಪಂಗಡವಾಗುತ್ತದೆ. “ಕಾಲ ಬದಲಾಗಿದೆ ಕಣ್ರೀ, ನಮ್ಮ ಮಕ್ಕಳು ಹಿಂದೆ ಬೀಳಬಾರದು” ಎನ್ನುವವರು ಒಂದು ಕಡೆ. “ಮನೆಯಲ್ಲಿ ಮೊಬೈಲು ಬಿಡಿಸೋದೇ ಸಾಕಾಗಿದೆ, ಶಾಲೆಯವರೂ ಇನ್ನೊಂದು ಕೊಟ್ಟರೆ ಗತಿಯೇನು?” ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಟ್ಯಾಬ್ ಒಳ್ಳೆಯದೋ ಕೆಟ್ಟದ್ದೋ ಎಂದು ವಾದ ಮಾಡುತ್ತಾ ಕುಳಿತರೆ, ಅದಕ್ಕಿಂತ ಮುಖ್ಯವಾದ ಪ್ರಶ್ನೆ ಕೈತಪ್ಪಿ ಹೋಗುತ್ತದೆ. ಆ ಟ್ಯಾಬಿಗೊಂದು ಬೀಗ ಇರುತ್ತದಲ್ಲ, ಅದರ ಬೀಗದಕೈ ಯಾರ ಹತ್ತಿರ ಇರುತ್ತದೆ? ಶಾಲೆಯ ಹತ್ತಿರವೋ, ಕಂಪನಿಯ ಹತ್ತಿರವೋ, ಮನೆಯಲ್ಲಿ ನಮ್ಮ ಹತ್ತಿರವೋ? ಬೇರೆ ಬೇರೆ ಕಡೆ ನಡೆದದ್ದನ್ನು ನೋಡಿದರೆ ಮಕ್ಕಳಿಗೆ ಒಳಿತಾಗುವುದೂ ಕೆಡುಕಾಗುವುದೂ ಹೆಚ್ಚಾಗಿ ಇದರ ಮೇಲೇ ನಿಂತಿದೆ.

ನಿಗಾ ಅಂದರೆ ಏನು?

ಶಾಲೆಯವರು ಟ್ಯಾಬ್ ಹಂಚುವ ಮೊದಲು ಅದರೊಳಗೆ ಒಂದು ಕಾವಲುಗಾರನನ್ನು ಕೂರಿಸುತ್ತಾರೆ. ಇದೂ ಒಂದು ಸಾಫ್ಟ್‌ವೇರ್. ‘ಡಿವೈಸ್ ಮ್ಯಾನೇಜ್‌ಮೆಂಟ್’ ಅಂತ ದೊಡ್ಡ ಹೆಸರು. ಹೆಸರು ಕೇಳಿ ಹೆದರಬೇಡಿ. ಹಾಸ್ಟೆಲ್ಲಿನ ವಾರ್ಡನ್ ಮಾಡುವ ಕೆಲಸವೇ ಇದರದ್ದೂ. ಇಂಟರ್‌ನೆಟ್ ಸಿಕ್ಕಾಗಲೆಲ್ಲ ಇದು ದೂರದಲ್ಲಿರುವ ಒಂದು ದೊಡ್ಡ ಕಂಪ್ಯೂಟರಿನ ಜೊತೆ ಮಾತಾಡಿ, ಅಲ್ಲಿಂದ ಬಂದ ಅಪ್ಪಣೆಯನ್ನು ಪಾಲಿಸುತ್ತದೆ. ಈ ಪಾಠವನ್ನು ಹಾಕು, ಆ ಆಟವನ್ನು ತೆಗೆ, ಇಂಥ ತಾಣವನ್ನು ತೆರೆಯಬೇಡ, ಈಗ ಮೇಷ್ಟ್ರು ಪಾಠ ಮಾಡುತ್ತಿದ್ದಾರೆ ಪರದೆ ಮುಚ್ಚು, ಹೀಗೆ.

ಇನ್ನೊಂದು ಅಪ್ಪಣೆಯೂ ಇದೆ: ಒಳಗಿರುವುದನ್ನೆಲ್ಲ ಅಳಿಸಿಹಾಕು! ಇದೇಕೆ ಬೇಕು ಅಂತೀರಾ? ಟ್ಯಾಬ್ ಕಳೆದುಹೋದರೆ, ಕಳ್ಳತನವಾದರೆ, ಮಗುವಿನ ಫೋಟೋ, ಬರಹ ಇತ್ಯಾದಿ ಬೇರೆಯವರ ಕೈಗೆ ಸಿಕ್ಕಬಾರದು ಅಂತ. ಉದ್ದೇಶವೇನೋ ಒಳ್ಳೆಯದೇ. ಈ ಅಪ್ಪಣೆಯನ್ನು ಮಾತ್ರ ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ಸಿಂಗಪುರದ ಏರ್ಪಾಡು

ಎಲ್ಲ ಹೈಸ್ಕೂಲು ಮಕ್ಕಳಿಗೂ ಇಂಥದ್ದೊಂದು ಸಾಧನ ಕೊಡಿಸಿ ನೋಡಿದ ದೇಶ ಸಿಂಗಪುರ. 2020ರ ಮಾರ್ಚಿನಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಈ ಯೋಜನೆ ಪ್ರಕಟಿಸಿದಾಗ 2028ರ ಹೊತ್ತಿಗೆ ಮುಗಿಸಿದರಾಯಿತು ಎಂದಿತ್ತು. ಆದರೆ ಮರುತಿಂಗಳೇ ಕೊರೋನಾದಿಂದ ಶಾಲೆಗಳು ಮುಚ್ಚಿ, ಮಕ್ಕಳೆಲ್ಲ ಮನೆಯಿಂದಲೇ ಪಾಠ ಕೇಳಬೇಕಾಯಿತು. ಯಾರ ಮನೆಯಲ್ಲಿ ಕಂಪ್ಯೂಟರ್ ಇದೆ, ಯಾರ ಮನೆಯಲ್ಲಿ ಇಲ್ಲ ಅನ್ನುವುದು ಆಗ ಎದ್ದು ಕಂಡಿತು. ಹೀಗಾಗಿ 2028 ಅಂದಿದ್ದ ಗುರಿಯನ್ನು 2021ಕ್ಕೇ ತಂದರು.

ನಮ್ಮ ರಾಜ್ಯದಲ್ಲೂ ಆ ದಿನಗಳನ್ನು ಮರೆಯುವ ಹಾಗಿಲ್ಲ. ಮೇಷ್ಟ್ರುಗಳೇ ಊರೂರಿಗೆ ಹೋಗಿ, ಮರದಡಿ, ಗುಡಿಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವ ‘ವಿದ್ಯಾಗಮ’ ನಡೆದದ್ದು 2020ರಲ್ಲಿ. ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಸಂಜೆ ಅವರು ಬಂದ ಮೇಲೆ ಮೊದಲು ಮಗನಿಗೆ, ಆಮೇಲೆ ಉಳಿದರೆ ಮಗಳಿಗೆ. ಪ್ರತಿ ಮಗುವಿಗೂ ಅದರದ್ದೇ ಹೆಸರಿನಲ್ಲಿ ಒಂದು ಸಾಧನ ಬಂದರೆ ದೊಡ್ಡ ಲಾಭ ಇದೇ ನೋಡಿ. ಹೆಣ್ಣುಮಗು ಯಾರ ಮುಂದೆಯೂ ಕೈಚಾಚಿ ನಿಲ್ಲಬೇಕಿಲ್ಲ.

ಸಿಂಗಪುರದಲ್ಲಿ ದುಡ್ಡಿನ ವಿಚಾರಕ್ಕೂ ಒಂದು ದಾರಿ ಮಾಡಿದ್ದರು. ಅಲ್ಲಿ ವಿದ್ಯಾರ್ಥಿಗಳ ಹೆಸರಿನಲ್ಲಿ ಸರ್ಕಾರ ‘ಎಡ್ಯುಸೇವ್’ ಎಂಬ ಖಾತೆ ಇಟ್ಟು ವರ್ಷವರ್ಷ ಹಣ ಹಾಕುತ್ತದೆ. ಆ ಹಣದಿಂದಲೇ ಸಾಧನ ಕೊಳ್ಳಬಹುದು ಎಂದರು. 2020ರಲ್ಲಿ ಹೆಚ್ಚುವರಿಯಾಗಿ 200 ಡಾಲರ್ ಕೂಡ ಸೇರಿಸಿದರು. ಬಡ ಕುಟುಂಬಗಳಿಗೆ ಬೇರೆ ರಿಯಾಯಿತಿ. ಕೆಲವು ಶಾಲೆ ಐಪ್ಯಾಡ್ ಆರಿಸಿತು, ಕೆಲವು ಸಣ್ಣ ಲ್ಯಾಪ್‌ಟಾಪ್. ಏನೇ ಆರಿಸಲಿ, ಒಳಗೆ ಕಾವಲು ಸಾಫ್ಟ್‌ವೇರ್ ಇರಲೇಬೇಕು.

ನನಗೆ ಹಿಡಿಸಿದ್ದು ಇದರ ಮುಂದಿನ ಭಾಗ. ಶಾಲೆಯ ವೇಳೆಯಲ್ಲಿ ಬೀಗದಕೈ ಶಾಲೆಯದ್ದು, ಅದರಲ್ಲಿ ಮಾತಿಲ್ಲ. ಶಾಲೆ ಬಿಟ್ಟ ಮೇಲೆ ಮಾತ್ರ ತಂದೆತಾಯಿಗೆ ಮೂರು ದಾರಿ. ಒಂದು, ಶಾಲೆಯ ಕಟ್ಟುಪಾಡೇ ಮನೆಯಲ್ಲೂ ಮುಂದುವರಿಯಲಿ ಎನ್ನಬಹುದು. ಎರಡು, ಯಾವುದು ಬೇಕು ಯಾವುದು ಬೇಡ, ಎಷ್ಟು ಹೊತ್ತು ಅನ್ನುವುದನ್ನು ನಾವೇ ಹೇಳುತ್ತೇವೆ ಎನ್ನಬಹುದು. ಮೂರು, ಶಾಲೆ ಬಿಟ್ಟ ಮೇಲೆ ಕಾವಲೇ ಬೇಡ, ನಮ್ಮ ಮಗುವನ್ನು ನಾವು ನೋಡಿಕೊಳ್ಳುತ್ತೇವೆ ಎನ್ನಬಹುದು. ಏನನ್ನೂ ಹೇಳದೆ ಸುಮ್ಮನಿದ್ದರೆ ಮೊದಲನೆಯದೇ ಖಾಯಂ. ರಾತ್ರಿಗೂ ಒಂದು ನಿಯಮ. ಮೊದಲು ಹನ್ನೊಂದು ಗಂಟೆಗೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. 2026ರ ಜನವರಿಯಿಂದ ಅದನ್ನು ಹತ್ತೂವರೆಗೆ ತಂದಿದ್ದಾರೆ, ಮಕ್ಕಳ ನಿದ್ದೆ ಕೆಡಬಾರದು ಅಂತ. ಅದೇ ತಿಂಗಳಿನಿಂದ ಹೈಸ್ಕೂಲಿನಲ್ಲಿ ಶಾಲೆಯ ವೇಳೆ ಪೂರ್ತಿ ಮೊಬೈಲ್ ಫೋನಿಗೂ ಸ್ಮಾರ್ಟ್ ವಾಚಿಗೂ ನಿಷೇಧ, ಊಟದ ಬಿಡುವಿನಲ್ಲಿ ಕೂಡ. ಟ್ಯಾಬ್ ಕೊಟ್ಟವರೇ ಮೊಬೈಲನ್ನು ಹೊರಗಿಟ್ಟರು ಅನ್ನುವುದು ಯೋಚಿಸಬೇಕಾದ ಮಾತು.

ಮಕ್ಕಳು ಇದನ್ನೆಲ್ಲ ನಗುನಗುತ್ತಾ ಒಪ್ಪಿದರು ಅಂದುಕೊಳ್ಳಬೇಡಿ. 2021ರ ಮೊದಲಲ್ಲಿ, “ನಾವು ಏನು ನೋಡುತ್ತೇವೆ ಅಂತ ಶಾಲೆ ಇಣುಕಿ ನೋಡುವುದು ಸರಿಯೇ?” ಎಂದು ಸಾವಿರಾರು ಮಂದಿ ಮನವಿಗೆ ಸಹಿ ಹಾಕಿದರು. ಇಲಾಖೆಯವರು, ಪಾಸ್‌ವರ್ಡು, ಮಕ್ಕಳು ಇಟ್ಟುಕೊಂಡ ಫೋಟೋ, ಕ್ಯಾಮೆರಾ, ಅವರಿರುವ ಜಾಗ ಇವನ್ನೆಲ್ಲ ನಾವು ನೋಡುವುದಿಲ್ಲ ಎಂದು ವಿವರಣೆ ಕೊಡಬೇಕಾಯಿತು. ಮಕ್ಕಳು ಪ್ರಶ್ನೆ ಕೇಳಿದ್ದರಿಂದ ದೊಡ್ಡವರು ಬಾಯಿಬಿಟ್ಟು ಹೇಳಿದರು. ಕೇಳುವುದರಲ್ಲಿ ತಪ್ಪಿಲ್ಲ, ಅಲ್ಲವೇ?

ಬೀಗದಕೈಯೇ ಕಳುವಾದಾಗ

ಇಷ್ಟೆಲ್ಲ ಅಚ್ಚುಕಟ್ಟಾದ ಏರ್ಪಾಡಿಗೂ ಪೆಟ್ಟು ಬಿತ್ತು. ಈ ಕಾವಲು ಕೆಲಸವನ್ನು ಸಿಂಗಪುರದ ಹಲವು ಶಾಲೆಗಳಲ್ಲಿ ‘ಮೊಬೈಲ್ ಗಾರ್ಡಿಯನ್’ ಎಂಬ ಹೊರಗಿನ ಕಂಪನಿಯ ಸಾಫ್ಟ್‌ವೇರ್ ಮಾಡುತ್ತಿತ್ತು. 2024ರ ಆಗಸ್ಟ್ 4ರಂದು ಯಾರೋ ಕಿಡಿಗೇಡಿಗಳು ಆ ಕಂಪನಿಯ ವ್ಯವಸ್ಥೆಯೊಳಗೇ ನುಗ್ಗಿದರು. ಆಗಲೇ ಹೇಳಿದೆನಲ್ಲ, ‘ಎಲ್ಲ ಅಳಿಸಿಹಾಕು’ ಎಂಬ ಅಪ್ಪಣೆ? ಅದು ಹೊರಟುಹೋಯಿತು! ಸಿಂಗಪುರವೊಂದರಲ್ಲೇ 26 ಹೈಸ್ಕೂಲುಗಳ ಸುಮಾರು 13,000 ಮಕ್ಕಳ ಐಪ್ಯಾಡು, ಲ್ಯಾಪ್‌ಟಾಪುಗಳು ಬರಿದಾದವು. ಪರೀಕ್ಷೆಗೆ ಓದಿಕೊಳ್ಳುವ ಕಾಲ ಅದು. ಬರೆದಿಟ್ಟುಕೊಂಡ ಟಿಪ್ಪಣಿ ಹೋಯಿತು ಎಂದು ಎಷ್ಟೋ ಮಕ್ಕಳು ಕಂಗಾಲಾದರು. ಬೇರೆ ಕಡೆ ಒಂದು ಪ್ರತಿ ಇಟ್ಟುಕೊಂಡವರು ಬಚಾವ್. ಇಲಾಖೆ ಆ ಸಾಫ್ಟ್‌ವೇರನ್ನು ಎಲ್ಲ ಐಪ್ಯಾಡು, ಕ್ರೋಮ್‌ಬುಕ್ಕುಗಳಿಂದಲೂ ತೆಗೆಸಿಹಾಕಿತು.

ಕಳ್ಳನಿಂದ ಕಾಪಾಡಲಿ ಅಂತ ಇಟ್ಟ ಅಪ್ಪಣೆಯನ್ನು ಕಳ್ಳನೇ ಎತ್ತಿಕೊಂಡ. ಊರಿನ ಎಲ್ಲ ಮನೆಗಳ ಬೀಗದಕೈಯನ್ನೂ ಒಂದೇ ಗೊಂಚಲಿನಲ್ಲಿ ಕಟ್ಟಿ ಒಂದೇ ಮೊಳೆಗೆ ನೇತುಹಾಕಿದರೆ ಆಗುವುದು ಹೀಗೇ. ಹಾಗೆಂದು ಬೀಗವೇ ಬೇಡ ಎನ್ನಲಾದೀತೇ? ಬೆಲೆಬಾಳುವುದನ್ನು ಇನ್ನೊಂದು ಕಡೆಯೂ ಇಟ್ಟಿರಬೇಕು, ಅಷ್ಟೇ.

ರಂಗೋಲಿ ಕೆಳಗೆ ತೂರಿದ ಮಕ್ಕಳು

ಮನೆಯವರನ್ನು ಕೇಳದೆ ಬರೀ ಬೀಗ ಜಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಉದಾಹರಣೆ ಇದೆ. ಅಲ್ಲಿನ ಶಾಲಾ ಆಡಳಿತ 2013ರಲ್ಲಿ ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡಲು ಹೊರಟಿತು. ಪಾಠದ ಸಾಫ್ಟ್‌ವೇರ್ ಸೇರಿ ಒಂದಕ್ಕೆ 678 ಡಾಲರ್! ಶಾಲೆಯಲ್ಲಿರುವ ಬೀಗವೇ ಮನೆಯಲ್ಲೂ. ಹಂಚಿ ಕೆಲವು ದಿನವಾಗಿರಲಿಲ್ಲ, ಒಂದೇ ಹೈಸ್ಕೂಲಿನಲ್ಲಿ ಸುಮಾರು 300 ಮಕ್ಕಳು ಬೀಗ ಬಿಚ್ಚಿಬಿಟ್ಟರು. ಅದೇನು ಮಹಾವಿದ್ಯೆಯೂ ಅಲ್ಲ. ಕಾವಲಿಗೆ ಕೂರಿಸಿದ್ದ ‘ಪ್ರೊಫೈಲ್’ ಎಂಬುದನ್ನು ಅಳಿಸಿದರು, ಆಯಿತು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ವಯಸ್ಸಲ್ಲವೇ ಅದು! ಆಡಳಿತದವರು ಗಾಬರಿಯಾಗಿ ಐಪ್ಯಾಡ್ ಮನೆಗೆ ಒಯ್ಯುವುದನ್ನೇ ನಿಲ್ಲಿಸಿದರು. ಕೊಂಡ ರೀತಿಯ ಬಗ್ಗೆಯೂ ತಕರಾರು ಎದ್ದು, 2014ರ ಡಿಸೆಂಬರಿನಲ್ಲಿ ಆ ಒಪ್ಪಂದವೇ ಕೊನೆಗೊಂಡಿತು.

ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಲಾಸ್ ಏಂಜಲೀಸಿನಲ್ಲಿ ಸಂಜೆಯ ಬೀಗದಕೈ ಮನೆಯವರಿಗೆ ಸಿಗಲಿಲ್ಲ. ಮಕ್ಕಳು ಬೀಗ ಮುರಿದರು. ಸಿಂಗಪುರದಲ್ಲಿ ಸಂಜೆಯ ಬೀಗದಕೈ ತಂದೆತಾಯಿಗೆ ಸಿಕ್ಕಿತು; ಪೆಟ್ಟು ಬಿದ್ದದ್ದು ದೂರದ ಕಂಪನಿಯ ಕಡೆಯಿಂದ.

ನಮ್ಮ ದೇಶದಲ್ಲಿ

ಇದೆಲ್ಲ ಹೊರದೇಶದ ಮಾತಾಯಿತು, ನಮಗೇನು ಅಂತೀರಾ? ನಮ್ಮ ದೇಶದಲ್ಲೂ ಶುರುವಾಗಿ ವರ್ಷಗಳಾದವು. ಹರಿಯಾಣ ಸರ್ಕಾರ 2022ರ ಮೇ 5ರಂದು ರೋಹ್ಟಕ್‌ನಲ್ಲಿ ‘ಇ-ಅಧಿಗಮ್’ ಯೋಜನೆಗೆ ಚಾಲನೆ ಕೊಟ್ಟಿತು. ಸರ್ಕಾರಿ ಶಾಲೆಗಳ ಹತ್ತರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ ಸುಮಾರು 5 ಲಕ್ಷ ಟ್ಯಾಬ್, ಜೊತೆಗೆ ದಿನಕ್ಕೆ 2 ಜಿಬಿ ಇಂಟರ್‌ನೆಟ್ ಪುಕ್ಕಟೆ ಎಂಬುದು ಯೋಜನೆ. ಓದು ಮುಗಿದ ಮೇಲೆ ಟ್ಯಾಬ್ ಹಿಂದಿರುಗಿಸಬೇಕು, ಲೈಬ್ರರಿ ಪುಸ್ತಕದ ಹಾಗೆ.

ಪಕ್ಕದ ಆಂಧ್ರಪ್ರದೇಶದಲ್ಲಿ 2022ರ ಡಿಸೆಂಬರ್ 21ರಿಂದ ಎಂಟನೇ ತರಗತಿಯ ಮಕ್ಕಳಿಗೂ ಮೇಷ್ಟ್ರುಗಳಿಗೂ ಸೇರಿ 5 ಲಕ್ಷಕ್ಕೂ ಮಿಕ್ಕಿ ಟ್ಯಾಬ್ ಹಂಚಿದರು. ಹಳ್ಳಿಯಲ್ಲಿ ಇಂಟರ್‌ನೆಟ್ ಇಲ್ಲದಿದ್ದರೂ ನಡೆಯಲಿ ಅಂತ ಪಾಠಗಳನ್ನು ಮೊದಲೇ ಒಳಗೆ ತುಂಬಿಸಿದ್ದರು. ಅದು ಜಾಣತನ. ಪಾಠ ಒದಗಿಸಿದ್ದು ನಮ್ಮ ಬೆಂಗಳೂರಿನ ಬೈಜೂಸ್ ಕಂಪನಿ. ಆ ಕಂಪನಿ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿಕೊಂಡಿತು. ನಿನ್ನೆ ದೊಡ್ಡ ಹೆಸರು ಮಾಡಿದ ಕಂಪನಿ ನಾಳೆ ಇರುತ್ತದೆ ಅಂತ ಯಾರು ಹೇಳಬಲ್ಲರು? ಪಾಠದ ಪುಸ್ತಕವಾದರೆ ಅಚ್ಚು ಹಾಕಿದವರು ಅಂಗಡಿ ಮುಚ್ಚಿದರೂ ಕಪಾಟಿನಲ್ಲಿ ಉಳಿಯುತ್ತದೆ, ಅಕ್ಕನ ಪುಸ್ತಕ ತಂಗಿಗೆ ಬರುತ್ತದೆ. ಟ್ಯಾಬಿನೊಳಗಿನ ಪಾಠಕ್ಕೆ ಹೊಸ ಪರಿಷ್ಕರಣೆ, ದುರಸ್ತಿ, ಪರವಾನಗಿ ಎಲ್ಲ ಬೇಕು.

ಮಕ್ಕಳ ವಿವರ ಹೊರಗೆ ಹೋಗುವ ಭಯವೂ ಸುಳ್ಳಲ್ಲ. ಕೊರೋನಾ ಕಾಲದಲ್ಲಿ ಬೇರೆ ಬೇರೆ ಸರ್ಕಾರಗಳು ಶಿಫಾರಸು ಮಾಡಿದ್ದ 163 ಕಲಿಕೆಯ ಆಪ್‌ಗಳನ್ನೂ ತಾಣಗಳನ್ನೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪರಿಶೀಲಿಸಿದಾಗ, ನೂರಕ್ಕೆ 89ರಷ್ಟು ಮಕ್ಕಳ ಮೇಲೆ ಕಣ್ಣಿಡುವಂತೆ ಇದ್ದವು. ಯುನೆಸ್ಕೋದ 2023ರ ಶಿಕ್ಷಣ ವರದಿಯೂ ಇದನ್ನು ಎತ್ತಿ ಹೇಳಿದೆ. ನಮ್ಮ ದೇಶದಲ್ಲಿ 2023ರಲ್ಲಿ ಮಾಡಿದ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿಗೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಶಾಲೆಗಳಿಗೆ ಕೆಲವು ವಿನಾಯಿತಿ ಉಂಟು. ಆದರೆ ಕೇಳುವ ಹಕ್ಕು ನಮಗಿದೆ ಅನ್ನುವುದನ್ನು ಮರೆಯಬಾರದು.

ಸಹಿ ಹಾಕುವ ಮೊದಲು

ಶಾಲೆಯಿಂದ ಒಪ್ಪಿಗೆ ಪತ್ರ ಬಂದಾಗ ಸಾಮಾನ್ಯವಾಗಿ ಏನು ಮಾಡುತ್ತೇವೆ? ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಮಗ, “ಬೇಗ ಸೈನ್ ಹಾಕಮ್ಮಾ, ಬಸ್ಸು ಬಂತು.” ಹಾಕಿಬಿಡುತ್ತೇವೆ. ಇದೊಂದಕ್ಕೆ ಮಾತ್ರ ಹಾಗೆ ಹಾಕಬೇಡಿ. ಪತ್ರ ಇಂಗ್ಲಿಷಿನಲ್ಲಿದ್ದರೆ, “ಕನ್ನಡದಲ್ಲಿ ಒಂದು ಸಾರಿ ಹೇಳಿ ಮೇಡಂ” ಎಂದು ಕೇಳಲು ನಾಚಿಕೆ ಬೇಡ. ಪೋಷಕರ ಸಭೆಯಲ್ಲಿ ಇಷ್ಟನ್ನು ಕೇಳಿ:

1. ಟ್ಯಾಬ್ ಯಾರದ್ದು? ದುಡ್ಡು ಕೊಟ್ಟು ನಾವೇ ಕೊಂಡದ್ದೋ, ಶಾಲೆ ಎರವಲು ಕೊಟ್ಟದ್ದೋ? ಹತ್ತನೇ ತರಗತಿ ಮುಗಿದ ಮೇಲೆ ನಮ್ಮದಾದರೆ ಆ ಕಾವಲು ಸಾಫ್ಟ್‌ವೇರನ್ನು ತೆಗೆದುಕೊಡುತ್ತಾರೆಯೇ?

2. ಶಾಲೆ ಬಿಟ್ಟ ಮೇಲೆ ಬೀಗದಕೈ ಯಾರ ಹತ್ತಿರ? ರಾತ್ರಿ ಎಷ್ಟು ಹೊತ್ತಿಗೆ ಮುಚ್ಚಬೇಕು ಎಂದು ನಾವು ಹೇಳಬಹುದೇ?

3. ಮಗು ಏನು ನೋಡಿತು, ಏನು ಬರೆಯಿತು ಅನ್ನುವುದರಲ್ಲಿ ಯಾರಿಗೆ ಎಷ್ಟು ಕಾಣುತ್ತದೆ? ಕ್ಯಾಮೆರಾವನ್ನು ಶಾಲೆಯವರು ದೂರದಿಂದ ತೆರೆಯಲು ಆಗುತ್ತದೆಯೇ?

4. ಬಿದ್ದು ಪರದೆ ಒಡೆದರೆ ಖರ್ಚು ಯಾರದ್ದು? ರಿಪೇರಿಗೆ ಹೋದ ದಿನಗಳಲ್ಲಿ ಮಗುವಿಗೆ ಬದಲಿ ಕೊಡುತ್ತಾರೆಯೇ?

5. ಮನೆಯಲ್ಲಿ ಇಂಟರ್‌ನೆಟ್ ಇಲ್ಲದಿದ್ದರೂ ಪಾಠ ತೆರೆದುಕೊಳ್ಳುತ್ತದೆಯೇ? ಕರೆಂಟು ಹೋದ ದಿನ ಹೋಂವರ್ಕಿನ ಗತಿಯೇನು?

6. ಬರೆದದ್ದೆಲ್ಲ ಇನ್ನೊಂದು ಕಡೆ ಪ್ರತಿಯಾಗಿ ಉಳಿಯುತ್ತದೆಯೇ? ಒಂದು ದಿನ ಎಲ್ಲ ಅಳಿಸಿಹೋದರೆ ಮರಳಿ ಪಡೆಯುವ ದಾರಿ ಏನು?

7. ಕೊಳ್ಳಲು ಆಗದ ಮನೆಯ ಮಗುವಿಗೆ ಏನು ಏರ್ಪಾಡು? ಪಕ್ಕದ ಬೆಂಚಿನ ಮಗು ಬರಿಗೈಯಲ್ಲಿ ಕೂರಬೇಕಾದರೆ ‘ಎಲ್ಲರಿಗೂ’ ಎಂಬ ಮಾತಿಗೇ ಅರ್ಥವಿಲ್ಲ. ನಮಗೆ ಶಕ್ತಿ ಇದ್ದರೂ ಇದನ್ನು ನಾವೇ ಎತ್ತಬೇಕು, ಇಲ್ಲದವರು ಬಾಯಿಬಿಟ್ಟು ಕೇಳುವುದು ಕಷ್ಟ.

ಶಾಲೆಯವರಿಗೆ ಇದರಿಂದ ಬೇಸರವಾಗುತ್ತದೆ ಎಂದು ಹಿಂಜರಿಯಬೇಡಿ. ಸರಿಯಾಗಿ ಯೋಚಿಸಿ ಮಾಡಿದ ಶಾಲೆಯ ಹತ್ತಿರ ಇವಕ್ಕೆಲ್ಲ ಉತ್ತರ ಇರುತ್ತದೆ.

ಮನೆಯೊಳಗಿನ ಕಟ್ಟುಪಾಡು

ಇನ್ನು ನಮ್ಮ ಪಾಲಿನ ಕೆಲಸ. ಇದಕ್ಕೆ ಕಂಪ್ಯೂಟರ್ ವಿದ್ಯೆ ಬೇಕಿಲ್ಲ. “ನಮಗೇನು ತಿಳಿಯುತ್ತೆ, ಮಕ್ಕಳಿಗೇ ಚೆನ್ನಾಗಿ ಗೊತ್ತು” ಎನ್ನುವ ತಾಯಂದಿರಿಗೆ ನಾನು ಹೇಳುವುದಿಷ್ಟೇ. ಕುಕ್ಕರ್ ತಯಾರಾಗುವ ಬಗೆ ನಮಗೆ ತಿಳಿಯದು, ಆದರೆ ಎಷ್ಟು ವಿಷಲ್ಲಿಗೆ ಇಳಿಸಬೇಕೆಂದು ಚೆನ್ನಾಗಿ ತಿಳಿದಿದೆ!

ಟ್ಯಾಬ್ ಚಾರ್ಜಿಗೆ ಹಾಕುವ ಜಾಗ ನಡುಮನೆಯಲ್ಲಿರಲಿ, ಮಕ್ಕಳ ಕೋಣೆಯಲ್ಲಿ ಬೇಡ. ರಾತ್ರಿ ಊಟವಾದ ಮೇಲೆ ಹೋಂವರ್ಕು ಮುಗಿಸಿ ತಂದು ಅಲ್ಲಿಡಬೇಕು. ಈ ನಿಯಮ ದೊಡ್ಡವರ ಮೊಬೈಲಿಗೂ ಅನ್ವಯಿಸಿದರೆ ಮಾತಿಗೆ ತೂಕ ಬರುತ್ತದೆ. ಅಪ್ಪ ಹಾಸಿಗೆಯಲ್ಲಿ ಮಲಗಿ ಫೋನು ತಿರುವುತ್ತಿದ್ದರೆ ಮಗ ಯಾಕೆ ಕೇಳುತ್ತಾನೆ ಹೇಳಿ?

ಮುಖ್ಯವಾದ ಟಿಪ್ಪಣಿಯನ್ನು ನೋಟ್‌ಬುಕ್ಕಿನಲ್ಲಿ ಕೈಯಿಂದಲೂ ಬರೆಸಿ. ಪಬ್ಲಿಕ್ ಪರೀಕ್ಷೆಯಲ್ಲಿ ಮೂರು ಗಂಟೆ ಪೆನ್ನು ಹಿಡಿದೇ ಬರೆಯಬೇಕು. ಕೈಗೆ ರೂಢಿ ತಪ್ಪಬಾರದು. ಟ್ಯಾಬ್ ಬರಿದಾದ ದಿನವೂ ನೋಟ್‌ಬುಕ್ಕು ಉಳಿದಿರುತ್ತದೆ.

ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣೆತ್ತಿ ದೂರದ ಮರವನ್ನೋ ಆಕಾಶವನ್ನೋ ನೋಡುವ ಅಭ್ಯಾಸ ಮಾಡಿಸಿ. ಸಂಜೆ ಅರ್ಧ ಗಂಟೆ ಹೊರಗೆ ಆಡಲು ಅಟ್ಟಿ.

ವಾರಕ್ಕೊಂದು ದಿನ ಮಗುವಿನ ಪಕ್ಕ ಕುಳಿತು, “ಈ ವಾರ ಇದರಲ್ಲಿ ಏನು ಕಲಿತೆ, ನನಗೂ ಸ್ವಲ್ಪ ತೋರಿಸು” ಎನ್ನಿ. ಪತ್ತೇದಾರಿ ಮಾಡುವ ಹಾಗೆ ಕೇಳಬೇಡಿ, ಕಲಿಯುವವಳ ಹಾಗೆ ಕೇಳಿ. ಅಮ್ಮನಿಗೆ ಹೇಳಿಕೊಡುವುದೆಂದರೆ ಮಕ್ಕಳಿಗೆ ಎಲ್ಲಿಲ್ಲದ ಹಿಗ್ಗು. ಕೆಟ್ಟದ್ದೇನಾದರೂ ಕಣ್ಣಿಗೆ ಬಿದ್ದ ದಿನ, ಯಾರಾದರೂ ಗುರುತಿಲ್ಲದವರು ಸಂದೇಶ ಕಳಿಸಿದ ದಿನ, ಅವರು ಮೊದಲು ಬಂದು ಹೇಳುವುದು ಹೀಗೆ ಜೊತೆಯಲ್ಲಿ ಕುಳಿತ ಅಮ್ಮನಿಗೇ. ಬೈದು ಟ್ಯಾಬ್ ಕಿತ್ತಿಟ್ಟರೆ ಮುಂದಿನ ಸಾರಿ ಹೇಳುವುದಿಲ್ಲ.

ಮನೆಯಲ್ಲಿ ಮಗ, ಮಗಳು ಇಬ್ಬರಿದ್ದರೆ ಇನ್ನೊಂದು ಎಚ್ಚರಿಕೆ. ಮಗಳಿಗೆ ಬಂದ ಟ್ಯಾಬನ್ನು ಅಣ್ಣನೋ ತಮ್ಮನೋ ಆಟಕ್ಕೆ ಎತ್ತಿಕೊಂಡು ಹೋಗುವುದು, ಇವಳು ಪಾತ್ರೆ ತೊಳೆದು ಬರುವಷ್ಟರಲ್ಲಿ ಚಾರ್ಜು ಮುಗಿದಿರುವುದು, ಹೀಗಾಗಬಾರದು. ಶಾಲೆ ಅವಳ ಹೆಸರಿನಲ್ಲಿ ಕೊಟ್ಟದ್ದು ಅವಳ ಕೈಯಲ್ಲೇ ಇರುವಂತೆ ನೋಡಿಕೊಳ್ಳುವುದು ಮನೆಯಲ್ಲಿ ಅಮ್ಮನ ಹೊಣೆ.

ಮುಂದಿನ ಪೋಷಕರ ಸಭೆಗೆ, “ನೀವೇ ಹೋಗಿ ಬನ್ನಿ” ಎಂದು ಮನೆಯವರನ್ನು ಕಳಿಸಿ ಸುಮ್ಮನಾಗದೆ ನೀವೂ ಹೊರಡಿ. ಮೇಲಿನ ಏಳು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಎಲ್ಲವನ್ನೂ ಕೇಳಲು ಸಂಕೋಚವಾದರೆ ಎರಡನೆಯದನ್ನಾದರೂ ಕೇಳಿ ಬನ್ನಿ.